ಕಲ್ಲು ಹಗುರಾದ ವರ್ಷ

ಆ ಊರಲ್ಲಿ ಕಲ್ಲುಗಳ ತೂಕ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ನಿನ್ನೆ ಒಂದು, ಇವತ್ತು ಇನ್ನೊಂದು. ಯಾಕೆ ಹೀಗೆ ಎಂದು ಕೇಳಿದರೆ ಊರಿನವರು, "ಅದು ಇರೂದ ಹಂಗ," ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ಬಿಸಿಲು ಯಾಕೆ ಬಿಸಿ ಎಂದು ಕೇಳಿದಷ್ಟೇ ಪೆದ್ದು ಪ್ರಶ್ನೆ ಅದು ಅವರಿಗೆ.

ಮನೆಗೊಂದು ಕಲ್ಲು. ಗುಂಡಗೆ, ಕಪ್ಪಗೆ, ಮುಟ್ಟಿದರೆ ತಣ್ಣಗೆ. ನಡುಮನೆಯ ಮೂಲೆ ಅದರ ಜಾಗ. ಪ್ರತಿ ಸಂತೆಯ ದಿನ ಮನೆಯವರು ದುಡಿದು ತಂದ ಜೋಳದಲ್ಲಿ ಒಂದು ಹಿಡಿ ತೆಗೆದು ಕಲ್ಲಿಗೆ ಮುಟ್ಟಿಸಿ, ಹೊಳೆಯ ದಂಡೆಗೆ ನಡೆದು ದೋಣಿಗೆ ಸುರಿದು ಬರಬೇಕು. ದೋಣಿ ಆಚೆ ದಡಕ್ಕೆ ಹೋಗುತ್ತಿತ್ತು. ಆಚೆ ದಡದಲ್ಲಿ ಗಾಣಗಳಿದ್ದವು. ಗಾಣದ ಎತ್ತುಗಳು ಆ ಜೋಳ ತಿಂದು ತಿರುಗುತ್ತಿದ್ದವು. ಗಾಣ ತಿರುಗಿದಷ್ಟೂ ಈಚೆ ದಡದ ಕಲ್ಲುಗಳಿಗೆ ತೂಕ ಕೂಡುತ್ತಿತ್ತು. ಗಾಣಗಳನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ. ಆಚೆಯಿಂದ ಎಣ್ಣೆ ಬರುತ್ತಿತ್ತು, ಅಷ್ಟರಿಂದಲೇ ಎಲ್ಲರೂ ನಂಬಿದ್ದರು.

ಗಾಣ ಕೊಟ್ಟ ತೂಕ ನಿಧಾನಕ್ಕೆ ಬರುತ್ತಿತ್ತು, ಕೂದಲು ನರೆಯುವಷ್ಟು ನಿಧಾನ. ಆದರೆ ಊರಿನ ಅಂಜಿಕೆ ಆ ತೂಕವನ್ನು ಒಂದೇ ಬೆಳಗಿನಲ್ಲಿ ಹೀರಿಬಿಡುತ್ತಿತ್ತು. ಊರು ನಕ್ಕರೆ ಕಲ್ಲು ಇದ್ದದ್ದಕ್ಕಿಂತ ಹೆಚ್ಚು ತೂಗುತ್ತಿತ್ತು, ಊರು ಹೆದರಿದರೆ ಇದ್ದದ್ದನ್ನೂ ಕಳೆದುಕೊಳ್ಳುತ್ತಿತ್ತು. ದಿನವೂ ಬೆಳಿಗ್ಗೆ ಡಂಗುರದವನು ಓಣಿಯ ಬಾಯಲ್ಲಿ ನಿಂತು, "ಕಲ್ಲು ಏರ್ಯಾವೋ," ಎಂದೋ, "ಕಲ್ಲು ಇಳದಾವೋ," ಎಂದೋ ಕೂಗಿ ಮುಂದಿನ ಓಣಿಗೆ ಹೋಗುತ್ತಿದ್ದ. ಅವನ ದನಿಯಲ್ಲಿ ಎರಡಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಕಲ್ಲು ಮಾರಬೇಕೆಂದವರು ಅದನ್ನು ಎದೆಗವಚಿಕೊಂಡು, ಮನೆಯಿಂದ ತಕ್ಕಡಿಕಟ್ಟೆಯ ತನಕ ಎಲ್ಲೂ ಕೆಳಗಿಡದೆ ಒಯ್ಯಬೇಕು. ಮನೆಯವರೇ ಒಯ್ಯಬೇಕು, ಹೊರಗಿನ ಕೈ ತಾಗಬಾರದು. ಆ ದಿನದ ತೂಕಕ್ಕೆ ತಕ್ಕಷ್ಟು ಜೋಳ ಸಿಗುತ್ತದೆ. ಒಡೆದು ಅರ್ಧ ಮಾರುವಂತಿಲ್ಲ, ತಕ್ಕಡಿಯಲ್ಲಿ ಒಮ್ಮೆ ಇಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಹೀಗಾಗಿ ಕಲ್ಲಿಗೆ ಒಳ್ಳೆಯ ತೂಕ ಇದ್ದಾಗ ಎತ್ತುವುದೇ ಕಷ್ಟ. ಹಗುರಾಗಿ ಯಾತಕ್ಕೂ ಬೇಡವಾದಾಗ ಕೂಸು ಕೂಡ ಎತ್ತಿಕೊಂಡು ಓಡಬಹುದು. ಈ ಕಟ್ಟಳೆ ಮಾಡಿದವನಿಗೆ ಮನುಷ್ಯರ ಗುಣ ಚೆನ್ನಾಗಿ ಗೊತ್ತಿತ್ತೋ, ಇಲ್ಲ ಏನೂ ಗೊತ್ತಿರಲಿಲ್ಲವೋ, ದೇವರೇ ಬಲ್ಲ.

ಊರಿನ ಕೊನೆಯ ಓಣಿಯಲ್ಲಿ ಕೌದಿ ಹೊಲಿಯುವ ಅಕ್ಕ ತಂಗಿ ಇದ್ದರು. ಅಕ್ಕ ಹಳೆ ಬಟ್ಟೆ ಕತ್ತರಿಸಿ ಬಣ್ಣಕ್ಕೆ ಬಣ್ಣ ಕೂಡಿಸುವವಳು, ತಂಗಿ ಹೊಲಿಯುವವಳು. ಇಬ್ಬರಿಗೂ ಗಂಡ ಮಕ್ಕಳು ಅಂತ ಯಾರೂ ಇರಲಿಲ್ಲ. ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗದ ದಿನ ಬಂದಾಗ ಇಬ್ಬರೂ ಸೇರಿ ಕಲ್ಲೆತ್ತಿ ತಕ್ಕಡಿಗೆ ಒಯ್ಯುವುದು, ಆ ಜೋಳದಲ್ಲಿ ಉಳಿದ ಆಯುಷ್ಯ ಕಳೆಯುವುದು ಎಂದು ಅಕ್ಕ ಎಂದೋ ತೀರ್ಮಾನಿಸಿದ್ದಳು. ಅದಕ್ಕಾಗಿ ಅವಳು ಒಂದು ಸಂತೆಯೂ ಹಿಡಿ ತಪ್ಪಿಸಿದವಳಲ್ಲ. ಹೊಟ್ಟೆಗೆ ಕಡಿಮೆಯಾದ ವಾರವೂ ಕಲ್ಲಿನ ಹಿಡಿ ಮೊದಲು ತೆಗೆದಿಟ್ಟು ಆಮೇಲೆ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ತಂಗಿಗೆ ಇದರಿಂದ ಸಿಟ್ಟು ಬರುತ್ತಿತ್ತು, ಅದನ್ನೆಲ್ಲ ಅವಳು ಸೂಜಿಯ ಮೇಲೆ ತೀರಿಸುತ್ತಿದ್ದಳು.

ಹೀಗಿರುವಾಗ ಊರಿಗೆ ಉಸಿರಿನ ಜ್ವರ ಬಂತು.

ಅದು ಯಾವ ದಿಕ್ಕಿನಿಂದ ಬಂತೋ ತಿಳಿಯಲಿಲ್ಲ. ಬಂದದ್ದು ಜನರ ಎದೆಯೊಳಗೆ ಕೂತು ಉಸಿರನ್ನು ಎಳೆಎಳೆಯಾಗಿ ಬಿಚ್ಚತೊಡಗಿತು. ಬಾಗಿಲುಗಳು ಮುಚ್ಚಿದವು. ಸಂತೆಯಲ್ಲಿ ಮಾತು ನಿಂತಿತು. ಕಮ್ಮಾರರ ಓಣಿಯ ಗಾಳಿಯೂದುವ ತಿದಿಗಳೆಲ್ಲ ಕುಲುಮೆ ಬಿಟ್ಟು ಮನುಷ್ಯರ ಕಡೆ ತಿರುಗಿದವು. ಕಾಯಿಲೆಯವರ ಮೂಗಿಗೆ ನಳಿಗೆ ಹಚ್ಚಿ ಮನೆಯವರು ತಿದಿ ಒತ್ತುತ್ತಾ ಕೂರುವುದು, ಕಾಯಿಲೆ ಬಿಡುವ ತನಕ ಹಾಗೇ ಒತ್ತುವುದು, ಇದೊಂದೇ ಔಷಧ. ತಿದಿಯವನು ದಿನದ ಲೆಕ್ಕದಲ್ಲಿ ಜೋಳ ಕೇಳುತ್ತಿದ್ದ. ಮೊದಮೊದಲು ಸೇರಿನಲ್ಲಿ ಕೇಳಿದ, ಆಮೇಲೆ ಚೀಲದಲ್ಲಿ.

ಗಾಣಗಳು ನಿಂತುಹೋಗಿವೆ ಎಂದು ಯಾರೋ ಅಂದರು. ಎತ್ತುಗಳಿಗೂ ಜ್ವರವಂತೆ ಎಂದು ಇನ್ನೊಬ್ಬರು ಸೇರಿಸಿದರು. ಕಲ್ಲುಗಳು ಇಳಿಯತೊಡಗಿದವು.

ಹಿಂದೆ ಆ ಊರಲ್ಲಿ ಸುಮ್ಮಸುಮ್ಮನೆ ಕಲ್ಲೆತ್ತಿ ನೋಡುವುದು ಒಳ್ಳೆಯದಲ್ಲ ಎಂಬ ಮಾತಿತ್ತು. ಜ್ವರದ ವರ್ಷ ಆ ಮಾತು ಗಾಳಿಗೆ ಹೋಯಿತು. ಬೆಳಗಾದರೆ ಸಾಕು, ಒಬ್ಬೊಬ್ಬರೂ ತಮ್ಮ ಕಲ್ಲನ್ನು ಹೊಸ್ತಿಲಿಗೆ ತಂದು ಎತ್ತಿ ನೋಡುವರು. ಎದುರು ಮನೆಯವನು ಸಲೀಸಾಗಿ ಎತ್ತಿದ್ದನ್ನು ಈ ಮನೆಯವನು ನೋಡುವನು, ಈ ಮನೆಯವನ ಮುಖ ಬಿಳಿಚಿದ್ದನ್ನು ಆ ಮನೆಯವನು ನೋಡುವನು. ಇಬ್ಬರ ಅಂಜಿಕೆಯೂ ಕೂಡಿ ಎರಡು ಕಲ್ಲೂ ಇನ್ನಷ್ಟು ಹಗುರಾಗುವವು. ಮಾರನೆಯ ದಿನ ಮತ್ತೆ ಅದೇ. ಇಡೀ ಓಣಿ ಕಲ್ಲೆತ್ತುತ್ತಾ ಇಳಿಸುತ್ತಾ ದಣಿಯುತ್ತಿತ್ತು. ಸಂತೆಯ ದಿನ ದೋಣಿ ಬರಿದಾಗಿ ಹೋಗುತ್ತಿತ್ತು.

ಅಕ್ಕ ಮಾತ್ರ ಹಿಡಿ ಜೋಳ ಹಾಕಿ ಬರುತ್ತಿದ್ದಳು.

"ಮುಳುಗೂ ದೋಣಿಗೆ ಯಾಕ ಸುರೀತಿ ಅಕ್ಕಾ?" ಎಂದು ತಂಗಿ ಒಮ್ಮೆ ತಡೆಯಲಾರದೆ ಕೇಳಿದಳು.

"ಕಲ್ಲು ಹಗುರ ಇದ್ದಾಗ ಹಾಕಿದ ಹಿಡಿ ಮುಂದ ಜಾಸ್ತಿ ತೂಗತೈತಿ," ಎಂದಳು ಅಕ್ಕ. "ಊರು ಇವತ್ತ ಅಂಜೇತಿ. ದಿನಾ ಅಂಜಾಕ ಯಾರಿಗಾದೀತು? ಅದಕ್ಕೂ ಬ್ಯಾಸರ ಬರತೈತಿ. ನೀ ನಮ್ಮ ಕಲ್ಲ ಎತ್ತಬ್ಯಾಡ, ನೋಡಬ್ಯಾಡ. ಹೊಲಿ."

ತಂಗಿ ಹೊಲಿದಳು. ಅಕ್ಕ ಹೇಳಿದ್ದು ಖರೆಯೇ ಆಗಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಣಗಳು ನಿಂತಿರಲಿಲ್ಲ. ನಿಧಾನವಾಗಿದ್ದವು, ಅಷ್ಟೇ. ಆದರೆ ಖರೆಯಾದ ಮಾತು ಹೇಳಿದವರನ್ನು ಜ್ವರ ಬಿಟ್ಟುಬಿಡುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಕತ್ತರಿ ಕೆಳಗಿಟ್ಟು ಗೋಡೆಗೆ ಒರಗಿದಳು. "ನೀರು" ಎಂದು ಕೇಳಲು ಹೋಗಿ, "ನೀ" ಎಂದು ನಿಂತು, ಉಸಿರು ಹುಡುಕಿ ತಂದು "ರು" ಎಂದಳು. ತಂಗಿ ಹೊಲಿಗೆ ಬಿಸುಟು ಎದ್ದಳು.

ಅವತ್ತಿನಿಂದ ಮನೆಯ ದಿನಗಳೆಲ್ಲ ಒಂದೇ ಬಗೆಯಾದವು. ಬೆಳಿಗ್ಗೆ ಡಂಗುರದವನ ಕೂಗು. ಗಂಜಿ. ಅಕ್ಕನನ್ನು ಈ ಮಗ್ಗುಲಿಗೆ ಹೊರಳಿಸುವುದು, ಆ ಮಗ್ಗುಲಿಗೆ ಹೊರಳಿಸುವುದು. ಒದ್ದೆ ಬಟ್ಟೆ. ಸಂಜೆ ಮತ್ತೆ ಗಂಜಿ. ತಂಗಿ ಕೂತಲ್ಲೇ ತೂಕಡಿಸಿ, ಅಕ್ಕನ ಎದೆಯ ಸದ್ದು ಬದಲಾದರೆ ಬೆಚ್ಚಿ ಏಳುವಳು. ಅವಳಿಗೆ ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಕಲ್ಲ ಒಯ್ತೀನಿ," ಎಂದಳು ಒಂದು ದಿನ. "ತಿದಿ ತರ್ತೀನಿ."

ಅಕ್ಕ ತಲೆಯಾಡಿಸಿದಳು. ಅವಳ ಮಾತು ತುಂಡುತುಂಡಾಗಿ ಬಂತು. "ಈಗ ಇಟ್ಟರ... ಏನ ಬರತೈತಿ? ಒಂದೀಟು ದಿನದ ತಿದಿ. ಆಮ್ಯಾಲ ನಾನೂ ಇಲ್ಲ... ಕಲ್ಲೂ ಇಲ್ಲ. ನಿನಗ ಯಾರದಾರ?"

"ನೀ ಇಲ್ಲಂದರ ಆ ಕಲ್ಲ ಭಾರಾದ ಮ್ಯಾಲ ಅದನ್ನ ಎತ್ತಾವರ ಯಾರು? ನಾ ಒಬ್ಬಾಕಿ ಎತ್ತೇನ?"

ಅಕ್ಕ ಉಸಿರು ಕೂಡಿಸಿಕೊಂಡಳು. "ತಡಿ," ಎಂದಳು. "ಏರತೈತಿ. ತಡಿ."

ತಂಗಿ ತಡೆದಳು. ಆದರೆ ಬೇರೆಯವರ ಹಾಗೆ ತಾನೂ ಬೆಳಿಗ್ಗೆ ಅಕ್ಕನ ಕಣ್ಣು ಮುಚ್ಚಿದ್ದಾಗ ಮೂಲೆಗೆ ಹೋಗಿ ಕಲ್ಲೆತ್ತಿ ನೋಡತೊಡಗಿದಳು. ಮೊದಲು ಮೊಣಕಾಲು ಬಗ್ಗಿಸಿ ಎತ್ತಬೇಕಾಗಿದ್ದದ್ದು ಆಮೇಲೆ ಸೊಂಟ ಬಗ್ಗಿಸಿದರೆ ಸಾಕಾಯಿತು. ಕುಂಬಳಕಾಯಿಯಷ್ಟಾಯಿತು. ತುಂಬಿದ ತಂಬಿಗೆಯಷ್ಟಾಯಿತು. ಕಲ್ಲಿಳಿಸಿ ಬಂದು ಅದೇ ಕೈಗಳಿಂದ ಅಕ್ಕನನ್ನು ಹೊರಳಿಸುವಳು. ಅಕ್ಕನೂ ದಿನದಿಂದ ದಿನಕ್ಕೆ ಇಳಿಯುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ತಂಗಿ ಸೆರಗು ಬಿಗಿದು ಎದ್ದಳು, ಇವತ್ತು ಒಯ್ದೇಬಿಡುವುದು ಎಂದು. ಅಷ್ಟರಲ್ಲಿ ಡಂಗುರದವನು ಕೂಗಿದ, "ಕಲ್ಲು ಏರ್ಯಾವೋ!" ಓಣಿಯಲ್ಲಿ ಬಾಗಿಲುಗಳು ತೆರೆದವು. ಗಾಣಗಳ ಸದ್ದು ಕೇಳಿತಂತೆ, ಜ್ವರ ಇಳಿಮುಖವಂತೆ. ಜನ ನಕ್ಕರು. ಅಷ್ಟು ದಿನದ ಮೇಲೆ ಕೇಳಿದ ನಗು. ತಂಗಿ ಕಲ್ಲಿಗೆ ಕೈ ಹಾಕಿದಳು. ಮತ್ತೆ ಮೊಣಕಾಲು ಬಗ್ಗಿಸಬೇಕಾಯಿತು.

"ನಾಳೆ ಇನ್ನೂ ಏರತೈತಿ ನೋಡವಾ," ಎಂದಳು ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ. "ಇವತ್ತ ಒಯ್ಯಾವರು ಹುಚ್ಚರು."

ತಂಗಿ ನಿಂತಳು. ನಾಳೆ ಇನ್ನೂ ಏರಿದರೆ ಇನ್ನಷ್ಟು ದಿನದ ತಿದಿ. ಅದು ಆಸೆ ಅನ್ನಬೇಕೋ, ಲೆಕ್ಕ ಅನ್ನಬೇಕೋ, ಅವಳಿಗೇ ಗೊತ್ತಾಗಲಿಲ್ಲ. ಸೆರಗು ಸಡಿಲಿಸಿ ಅಕ್ಕನ ಪಕ್ಕ ಬಂದು ಕೂತಳು. ಅವತ್ತು ಇಡೀ ದಿನ ಅವಳಿಗೆ ಹಗುರೆನಿಸಿತ್ತು, ಗಂಜಿಗೆ ಒಂದಿಷ್ಟು ಬೆಲ್ಲ ಕೂಡ ಹಾಕಿದಳು.

ಮಾರನೆಯ ಬೆಳಿಗ್ಗೆ ಕಮ್ಮಾರರ ಓಣಿಯಲ್ಲೇ ಹೆಣಗಳು ಬಿದ್ದವು. ಕಲ್ಲುಗಳು ಹಿಂದೆಂದೂ ಇಳಿಯದಷ್ಟು ಇಳಿದವು. ಡಂಗುರದವನು ಅದೇ ದನಿಯಲ್ಲಿ ಕೂಗಿ ಮುಂದೆ ಹೋದ.

ತಂಗಿ ಮೂಲೆಯತ್ತ ಹೋಗಲಿಲ್ಲ. ಎಂದಿನಂತೆ ಅಕ್ಕನನ್ನು ಹೊರಳಿಸಲು ಕತ್ತಿನ ಕೆಳಗೊಂದು, ಮೊಣಕಾಲ ಕೆಳಗೊಂದು ಕೈ ಹಾಕಿದಳು. ಹೊರಳಿಸುವ ಬದಲು ಅಕ್ಕ ಪೂರ್ತಿ ಮೇಲಕ್ಕೇ ಬಂದುಬಿಟ್ಟಳು. ಒಗೆದು ಒಣಗಿಸಿದ ಕೌದಿಯಷ್ಟೂ ಭಾರವಿರಲಿಲ್ಲ. ತಂಗಿ ಅಕ್ಕನನ್ನು ಎತ್ತಿಕೊಂಡು ನಡುಮನೆಯಲ್ಲಿ ಹಾಗೇ ನಿಂತಳು. ಕಲ್ಲು ಇಳಿದರೆ ಮತ್ತೆ ಏರುತ್ತದೆ, ಅದನ್ನು ಏರಿಸುವ ಗಾಣಗಳು ಎಲ್ಲೋ ತಿರುಗುತ್ತಿವೆ. ಅಕ್ಕನಿಗಾಗಿ ಯಾವ ದಡದಲ್ಲಿ ಯಾವ ಗಾಣ ತಿರುಗುತ್ತಿದೆ? ಅವಳನ್ನು ಮೆಲ್ಲಗೆ ಮಲಗಿಸಿ, ಹೊದಿಸಿ, ಮೂಲೆಗೆ ಹೋಗಿ ಕಲ್ಲನ್ನು ಎದೆಗವಚಿಕೊಂಡು ಹೊರಬಿದ್ದಳು. ಅಕ್ಕ ಕಣ್ಣು ತೆರೆಯಲಿಲ್ಲ.

ದಾರಿಯಲ್ಲಿ ಎಷ್ಟೋ ಜನ ಕಲ್ಲು ಹೊತ್ತು ಹೊರಟಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಕ್ಕಡಿಕಟ್ಟೆಯ ಹಿಂದೆ ಮೇಲೋಣಿಯ ಸಾಹುಕಾರರ ಬಂಡಿಗಳು ನಿಂತಿದ್ದವು. ಇಟ್ಟ ಕಲ್ಲುಗಳನ್ನೆಲ್ಲ ಅವರು ಕೊಂಡು ಪೇರಿಸುತ್ತಿದ್ದರು. ಜ್ವರ ಅವರ ಮನೆಗೂ ಹೋಗಿತ್ತು, ಸುಳ್ಳು ಹೇಳಬಾರದು. ಆದರೆ ಅವರ ನೆಲದಡಿಯ ಹಗೇವುಗಳಲ್ಲಿ ಜೋಳವಿತ್ತು, ಅವರ ಪಡಸಾಲೆಯಲ್ಲಿ ಸ್ವಂತ ತಿದಿಯಿತ್ತು. ಕಲ್ಲು ಏರುವ ತನಕ ತಡೆಯುವುದಕ್ಕೆ ಬೇಕಾದದ್ದು ಧೈರ್ಯ ಎಂದು ಆ ಊರಿನವರು ಹೇಳುತ್ತಿದ್ದರು. ತುಂಬಿದ ಹಗೇವೂ ಬೇಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತಕ್ಕಡಿಯವನು ಮುದುಕ. ಅವನ ಕಣ್ಣುಗಳು ಕೆಂಪಾಗಿ ಊದಿದ್ದವು. ಕಲ್ಲು ತಂದ ಪ್ರತಿಯೊಬ್ಬರಿಗೂ ಅವನು ಒಂದೇ ಮಾತು ಕೇಳಬೇಕಿತ್ತು, ಅದು ಕಟ್ಟಳೆ.

"ಮನಸ್ಸಿನಿಂದ ಇಡ್ತೀಯೋ, ಅಂಜಿ ಇಡ್ತೀಯೋ?"

"ಮನಸ್ಸಿನಿಂದ," ಎನ್ನಬೇಕು. ಹಾಗಂದರೆ ಮಾತ್ರ ತೂಗುತ್ತಾನೆ. ಮುಂದಿದ್ದವರೆಲ್ಲ ಅಂಜುತ್ತಲೇ ಹಾಗಂದರು. ತಂಗಿಯ ಸರದಿ ಬಂತು.

"ಅಂಜಿ," ಎಂದಳು.

ತಕ್ಕಡಿಯವನು ತಲೆಯೆತ್ತಿದ. "ಹಂಗ ಅಂದರ ತೂಗಾಕ ಬರೂದಿಲ್ಲ ಯವ್ವಾ. ಮನಸ್ಸಿನಿಂದ ಅನ್ನು."

"ಹುಸಿ ಯಾಕ ಆಡ್ಲಿ ಕಾಕಾ? ಕಲ್ಲ ಇಳದೈತಂತ ನಾ ಅಂಜಿಲ್ಲ. ಅದು ಏರತೈತಿ. ಇವತ್ತ ಇದನ್ನ ಒಯ್ಯಾವರು ಒಂದಿನ ನಗತಾರ, ಅದೂ ಗೊತ್ತೈತಿ ನನಗ. ಮನ್ಯಾಗ ನಮ್ಮಕ್ಕ ಅದಾಳ. ಅಕಿ ಕಲ್ಲಿಗಿಂತ ಹಗುರ ಆಗ್ಯಾಳ."

ತಕ್ಕಡಿಯವನು ತಾನೇ ಎದ್ದು, "ನನಗ ಕಿವಿ ಮಂದ. ನೀ ಮನಸ್ಸಿನಿಂದ ಅಂದಿ," ಎಂದು ತಟ್ಟೆಯನ್ನು ಅವಳ ಎದೆಯ ತನಕ ಎತ್ತಿ ಹಿಡಿದ. ಅವಳು ಕಲ್ಲಿಟ್ಟಳು. ತಟ್ಟೆ ಇಷ್ಟೇ ಇಷ್ಟು ಇಳಿಯಿತು. ಅಷ್ಟೊಂದು ವರ್ಷಗಳ ಹಿಡಿಗಳಿಗೆ ಸಿಕ್ಕಿದ್ದು ಅವಳೊಬ್ಬಳೇ ಹೊತ್ತು ತರಬಹುದಾದಷ್ಟು ಜೋಳ.

ತಿದಿಯವನು ಚೀಲ ಅಲ್ಲಾಡಿಸಿ ನೋಡಿ ಮುಖ ಸಿಂಡರಿಸಿದ. ಆದರೂ ತಿದಿ ಕೊಟ್ಟ.

ಆಮೇಲೆ ತಂಗಿ ಮಾಡಿದ್ದು ಒಂದೇ ಕೆಲಸ. ಒತ್ತುವುದು, ಬಿಡುವುದು. ಒತ್ತಿದಾಗ ಅಕ್ಕನ ಎದೆ ಏರುವುದು, ಬಿಟ್ಟಾಗ ಇಳಿಯುವುದು. ಕೈ ಸೋತಾಗ ಕಾಲಿನಿಂದ ಒತ್ತಿದಳು, ಕಾಲು ಸೋತಾಗ ಮೈಯೆಲ್ಲ ಅದರ ಮೇಲೆ ಬಿಟ್ಟು ಒತ್ತಿದಳು. ಹೊರಗೆ ಡಂಗುರದವನು ಏರಿತೆಂದು ಕೂಗಿದ, ಇಳಿಯಿತೆಂದು ಕೂಗಿದ. ಅದು ಅವಳ ಕಿವಿಗೆ ಬೀಳಲೇ ಇಲ್ಲ. ಅವಳ ಪಾಲಿಗೆ ಏರುವುದು ಇಳಿಯುವುದು ಎಲ್ಲ ಆ ಹಾಸಿಗೆಯ ಮೇಲೇ ಇತ್ತು.

ಜೋಳದ ದಿನಗಳು ಮುಗಿದವು. ತಿದಿಯವನು ಬಂದು ಬಾಗಿಲಲ್ಲಿ ನಿಂತ.

"ಇನ್ನೊಂದ ದಿನ," ಎಂದು ತಂಗಿ ಬೇಡಿಕೊಂಡಳು.

"ನನ್ನ ಕೈಯಾಗೇನಿಲ್ಲವಾ. ಮುಂದಿನ ಮನಿಯವರು ದಾರಿ ಕಾಯಾಕತ್ತಾರ. ಅಲ್ಲೂ ಒಂದು ಜೀವ ಐತಿ."

ನಳಿಗೆ ತೆಗೆದ. ತಿದಿ ಹೆಗಲಿಗೇರಿಸಿ ಹೋದ. ಅಕ್ಕನ ಎದೆ ಇಳಿಯಿತು, ಇಳಿದು ಹಾಗೇ ನಿಂತಿತು. ತಂಗಿಯ ಕೈಗಳು ಇಲ್ಲದ ತಿದಿಯನ್ನು ಗಾಳಿಯಲ್ಲೇ ಒತ್ತಿದವು. ಒತ್ತುತ್ತಲೇ ಇದ್ದವು. ಎಷ್ಟೋ ಹೊತ್ತಾದ ಮೇಲೆ, ಅಥವಾ ಅವಳಿಗೆ ಹಾಗೆ ಅನ್ನಿಸಿದ ಮೇಲೆ, ಅಕ್ಕನ ಎದೆ ತಾನಾಗಿ ಏರಿತು. ತೆಳ್ಳಗೆ, ವಕ್ರವಕ್ರವಾಗಿ ಏರಿತು. ಇಳಿಯಿತು. ಮತ್ತೆ ಏರಿತು.

ತಂಗಿ ಅಲ್ಲೇ ನೆಲದ ಮೇಲೆ ಬಿದ್ದು ಮಧ್ಯಾಹ್ನದ ತನಕ ನಿದ್ದೆ ಹೋದಳು.

ಅಕ್ಕ ಬದುಕಿದಳು. ಗೋಡೆ ಹಿಡಿದು ಕೂರುವಂತಾದ ದಿನ ಅವಳ ಕಣ್ಣು ಮೊದಲು ಹೋದದ್ದು ಮೂಲೆಗೆ. ಅಲ್ಲಿ ಸಾರಿಸಿದ ನೆಲದ ನಡುವೆ ಬೆಳ್ಳಗೆ ಗುಂಡನೆಯ ಗುರುತು. ಅಕ್ಕ ಅದನ್ನೇ ನೋಡಿದಳು. ಏನೂ ಕೇಳಲಿಲ್ಲ. ಆಮೇಲೆ ಅವಳು ಮಾತೇ ಬಿಟ್ಟಳು. ತಂಗಿ ಗಂಜಿ ಕೊಟ್ಟರೆ ಕುಡಿದಳು, ಬಟ್ಟೆ ಕೊಟ್ಟರೆ ಕತ್ತರಿಸಿದಳು, ಬಾಯಿ ಮಾತ್ರ ತೆರೆಯಲಿಲ್ಲ. ತಂಗಿ ಜ್ವರಕ್ಕೆ ಅಂಜಿದ್ದಕ್ಕಿಂತ ಹೆಚ್ಚು ಈ ಮೌನಕ್ಕೆ ಅಂಜಿದಳು. ಅದು ಸಿಟ್ಟೋ, ಇಲ್ಲ ಮಾತಿಗೆ ಸಾಕಾಗುವಷ್ಟು ಉಸಿರು ಮರಳಿ ಬರಲೇ ಇಲ್ಲವೋ? ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಉಸಿರೇ ಇಲ್ಲ ಎಂಬ ಉತ್ತರವನ್ನು ತಾಳುವ ಶಕ್ತಿ ಅವಳಲ್ಲಿರಲಿಲ್ಲ.

ಜ್ವರ ಹೇಗೆ ಬಂದಿತ್ತೋ ಹಾಗೇ ಹೋಯಿತು. ಊರಿಗೆ ಅಂಜಿ ಅಂಜಿ ಬೇಸರ ಬಂತು. ಕಲ್ಲುಗಳು ಏರಿದವು. ಮೇಲೋಣಿಯವರ ಪಡಸಾಲೆಯ ನೆಲ ಭಾರಕ್ಕೆ ಕುಸಿಯಿತೆಂದು ಜನ ಹೊಟ್ಟೆಕಿಚ್ಚಿನಿಂದ ಹೇಳಿಕೊಂಡರು. ಏನೂ ಮಾಡದೆ ಬಾಗಿಲು ಹಾಕಿಕೊಂಡು ಕೂತಿದ್ದ ಕೆಲವು ಬಡವರ ಕಲ್ಲುಗಳೂ ಏರಿದವು. ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, "ತಡದಿದ್ದರ ಆಗ್ತಿತ್ತು ನೋಡವಾ," ಎಂದಳು. ತಂಗಿ, "ಹೂಂ," ಎಂದಳು. ವಾದ ಮಾಡುವ ಆಸೆ ಅವಳಿಗೆ ಇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಡಂಗುರದವನು ಬಂದು, ಕಲ್ಲುಗಳು ಊರು ಹುಟ್ಟಿದಾಗಿನಿಂದ ಇಷ್ಟು ತೂಗಿರಲಿಲ್ಲ ಎಂದು ಕೂಗಿದ. ಅಕ್ಕನ ಕತ್ತರಿ ನಿಂತಿತು.

"ಬಂಗಾರದಂಥಾ ಕಲ್ಲ ಒಯ್ದು ಆ ತಕ್ಕಡಿಯವನ ಮುಂದ ಒಗದ ಬಂದೆಲ್ಲ, ನಿನಗ ಬುದ್ಧಿ ಅನ್ನೂದು ಒಂದ ಕಾಳರ ಐತೇನ, ಬಾಯಿ ಬಡಕೊಂಡು ಹೇಳಿದ್ದೆ ಎತ್ತಬ್ಯಾಡ ಎತ್ತಬ್ಯಾಡ ಅಂತ, ಹಬ್ಬಕ್ಕ ಹೋಳಿಗಿ ಮಾಡದ, ಮೈಮ್ಯಾಲ ಹೊಸಾ ಸೀರಿ ಕಾಣದ, ಅರ್ಧಾ ಹೊಟ್ಟಿ ಉಂಡು ಬೆಳಸಿದ್ನೆಲ್ಲ ಅದನ್ನ, ಒಂದ ಚೀಲ ಜೋಳಕ್ಕ ಕೊಟ್ಟು, ಆ ಜೋಳಾನೂ ತಿದಿಯವಗ ಸುರುವಿ, ಈಗ ನೋಡು, ಮೇಲೋಣಿಯವರು ನಮ್ಮ ಕಲ್ಲ ಇಟ್ಟಕೊಂಡು ಕಾಲಮ್ಯಾಲ ಕಾಲ ಹಾಕ್ಕೊಂಡು ಕುಂತಾರ, ನಾಳೆ ಕಣ್ಣ ಹೋದ ಮ್ಯಾಲ, ಕೈ ನಡಗಾಕ ಹತ್ತಿದ ಮ್ಯಾಲ, ಯಾರ ಮನಿ ಬಾಗಲಾ ಕಾಯೂದು ನಾವು, ಯಾರ ಮುಂದ ಸೆರಗ ಒಡ್ಡೂದು, ಹೇಳು, ಬಾಯಿ ತೆಗದು ಹೇಳು..."

ತಂಗಿಯ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತ್ತು. ಅಕ್ಕ ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದು ಅವಳಿಗೆ ಗೊತ್ತಿತ್ತು. ಮುಂದೆ ಬರುವ ದಿನಗಳೂ ಗೊತ್ತಿದ್ದವು. ಆದರೆ ಅವಳು ಮಾತು ಕೇಳುತ್ತಿರಲಿಲ್ಲ. ಎಲ್ಲಿ ಉಸಿರು ತುಂಡಾಗುತ್ತದೆ, ಎಲ್ಲಿ ಅಕ್ಕ ನಿಲ್ಲುತ್ತಾಳೆ ಎಂದು ಕಿವಿಗೊಟ್ಟು ಕಾಯುತ್ತಿದ್ದಳು. ಎಲ್ಲೂ ತುಂಡಾಗಲಿಲ್ಲ.

"ಏನ ನಗತಿ? ನಾ ಬೈಯೂದು ನಿನಗ ನಗಿ ಆತೇನ?"

"ನಾ ಎಲ್ಲೆ ನಗಾಕತ್ತೀನಿ ಅಕ್ಕಾ," ಎಂದಳು ತಂಗಿ. ಅವಳ ಕೆನ್ನೆ ಒದ್ದೆಯಾಗಿತ್ತು. "ಬೈಯಿ. ಇನ್ನೊಂದೀಟು ಬೈಯಿ."

ಅಕ್ಕ ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು.